ಹೊಗೆಕೊಳವೆಯೊಳಗಿನ ಮಾರ್ದನಿ

ಮಳೆ ಬಿಟ್ಟು ತೋಟದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಾಗ ದಕ್ಷಿಣ ಕನ್ನಡದ ಬೆಳ್ಳಾರೆಯ ಸುತ್ತಮುತ್ತ ಎಲ್ಲಿ ನಿಂತರೂ ಕಿವಿಗೆ ಬೀಳುವುದು ಹುಲ್ಲು ಕತ್ತರಿಸುವ ಯಂತ್ರದ ಕಿರುಚಾಟ. ಆ ಯಂತ್ರಗಳಲ್ಲಿ ಹಲವಕ್ಕೆ ಪೆಟ್ರೋಲಿನೊಳಗೇ ಎಣ್ಣೆ ಬೆರೆಸಿ ಹಾಕಬೇಕು. ಬೆರೆಸಲು ಮರೆತರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ನಿಲ್ಲುತ್ತದೆ. ಇಷ್ಟು ಗೊತ್ತಿರುವ ಅಡಿಕೆ ಕೃಷಿಕರಿಗೆ ಟೂ ಸ್ಟ್ರೋಕ್ ಎಂಜಿನ್ನಿನ ಅರ್ಧ ಗುಟ್ಟು ಗೊತ್ತಿದೆ ಎಂದೇ ಲೆಕ್ಕ. ಉಳಿದರ್ಧ ಇರುವುದು ಹೊಗೆಕೊಳವೆಯಲ್ಲಿ. ಹಳೆಯ ಯೆಜ್ಡಿಯನ್ನೋ ಯಮಹಾ ಆರ್‌ಎಕ್ಸ್ 100 ಬೈಕನ್ನೋ ಹವ್ಯಾಸಿ ರೇಸಿಗೆ ಅಣಿಮಾಡಲು ಹೊರಟವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಆ ಅರ್ಧವನ್ನು.

ಈ ಎರಡರಲ್ಲಿ ಒಂದು ನಮ್ಮ ರಾಜ್ಯದ್ದೇ ಕೂಸು. ಚೆಕ್ ದೇಶದ ಜಾವಾ ಬೈಕುಗಳನ್ನು ಇಲ್ಲಿಯೇ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಬೈಕುಗಳು ಹೊರಬಂದವು, 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಮದ್ರಾಸಿನ ಬಳಿ, ಎರಡನೇ ಮಹಾಯುದ್ಧ ಕಾಲದ ವಿಮಾನ ಓಡುದಾರಿಯಾದ ಶೋಲಾವರಂನಲ್ಲಿ ನಡೆಯುತ್ತಿದ್ದ ರೇಸುಗಳಲ್ಲಿ ಮೈಸೂರಿನ ಬೈಕುಗಳೂ ಓಡಿವೆ. ಇಂದಿಗೂ ದೇಶದ ಡ್ರ್ಯಾಗ್ ರೇಸುಗಳಲ್ಲಿ, ಅಂದರೆ 402 ಮೀಟರ್ ನೇರ ಓಟದಲ್ಲಿ, ಟೂ ಸ್ಟ್ರೋಕ್ ಬೈಕುಗಳಿಗೆ ಪ್ರತ್ಯೇಕ ವಿಭಾಗಗಳಿವೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಯೆಜ್ಡಿ ರೋಡ್‌ಕಿಂಗ್‌ನದು ಸುಮಾರು 250 ಸಿಸಿ, ಶಕ್ತಿ 16 ಅಶ್ವಶಕ್ತಿ. ಆರ್‌ಎಕ್ಸ್ 100ರದು 98 ಸಿಸಿ, ಶಕ್ತಿ 11. ಲೀಟರ್ ಗಾತ್ರಕ್ಕೆ ಲೆಕ್ಕ ಹಾಕಿದರೆ ಯೆಜ್ಡಿಗೆ 64, ಆರ್‌ಎಕ್ಸ್‌ಗೆ 112. ಇನ್ನು 1961ರಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಂಪನಿಯ 125 ಸಿಸಿ ರೇಸ್ ಬೈಕು 25 ಅಶ್ವಶಕ್ತಿ ಕೊಟ್ಟಿತ್ತು, ಅಂದರೆ ಲೀಟರಿಗೆ 200. ಮೂರೂ ಟೂ ಸ್ಟ್ರೋಕ್, ಮೂರರಲ್ಲೂ ಉರಿಯುವುದು ಪೆಟ್ರೋಲೇ. ಮತ್ತೆ ಈ ಅಂತರ ಎಲ್ಲಿಂದ ಬಂತು?

ಬಾಗಿಲಿಲ್ಲದ ಮನೆ

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಒಳಬರಲು, ಹೊಗೆ ಹೊರಹೋಗಲು ವಾಲ್ವುಗಳಿವೆ. ನಮ್ಮ ಹಳೆಯ ಟೂ ಸ್ಟ್ರೋಕ್ ಬೈಕುಗಳಲ್ಲಿ ಸಿಲಿಂಡರಿಗೆ ಅಂಥ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣ ಎಳೆದುಕೊಳ್ಳುತ್ತದೆ. ಕೆಳಗಿಳಿಯುವಾಗ ಆ ಮಿಶ್ರಣ ಒತ್ತಿಕೊಂಡು ಪಕ್ಕದ ಕಿಂಡಿಗಳ ಮೂಲಕ ಸಿಲಿಂಡರಿಗೆ ನುಗ್ಗುತ್ತದೆ. ತೊಂದರೆ ಏನೆಂದರೆ, ಹೊಸ ಮಿಶ್ರಣ ಒಳಗೆ ಬರುವ ಹೊತ್ತಿಗೆ ಹೊಗೆಯ ಕಿಂಡಿಯೂ ತೆರೆದೇ ಇರುತ್ತದೆ. ಬಂದದ್ದರಲ್ಲಿ ಒಂದಷ್ಟು ಉರಿಯದೆ ಹಾಗೆಯೇ ಹೊರಗೆ ಜಾರುತ್ತದೆ. ಟೂ ಸ್ಟ್ರೋಕ್ ಬೈಕು ಪೆಟ್ರೋಲು ಕುಡಿಯುತ್ತದೆ ಎಂಬ ದೂರಿಗೂ, ಹೊಗೆ ನಿಯಮಗಳು ಬಿಗಿಯಾದಂತೆ ಅದು ರಸ್ತೆಯಿಂದ ಹೊರಬಿದ್ದುದಕ್ಕೂ ಈ ಸೋರಿಕೆಯೇ ಮುಖ್ಯ ಕಾರಣ.

ಇದಕ್ಕೆ ಉಪಾಯ ಕಂಡುಕೊಂಡವರಲ್ಲಿ ಮುಂಚೂಣಿಯ ಹೆಸರು ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಕಿಂಡಿ ತೆರೆದೊಡನೆ ಹೊಗೆಯ ಜೊತೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಶಬ್ದದ ವೇಗದಲ್ಲಿ ಓಡುತ್ತದೆ. ಕೊಳವೆ ಅಗಲವಾಗುವ ಕಡೆ ಆ ಅಲೆಯ ಒಂದು ಭಾಗ ಹೀರುವ ಅಲೆಯಾಗಿ ಹಿಂತಿರುಗಿ ಸಿಲಿಂಡರಿನ ಹಳೆಯ ಹೊಗೆಯನ್ನು ಎಳೆದು ತೆಗೆಯುತ್ತದೆ. ಕೊಳವೆ ಮತ್ತೆ ಕಿರಿದಾಗುವ ಕಡೆ ಅದು ತಳ್ಳುವ ಅಲೆಯಾಗಿ ಹಿಂತಿರುಗಿ, ಜಾರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲೇ ಒಳಗೆ ದಬ್ಬುತ್ತದೆ. ಗುಡ್ಡದ ಎದುರು ನಿಂತು ಕೂಗು ಹಾಕಿದರೆ ಅದರಿಂದ ಮಾರ್ದನಿ ಬರುವ ಹಾಗೆ. ಗುಡ್ಡ ಎಷ್ಟು ದೂರ ಎಂಬುದರ ಮೇಲೆ ಅದು ಯಾವಾಗ ಬರುತ್ತದೆ ಎಂಬುದು ನಿಂತಿದೆ. ಹೊಟ್ಟೆ ಉಬ್ಬಿದ, ಎರಡೂ ತುದಿ ಸಣ್ಣಗಿರುವ ಎಕ್ಸ್‌ಪಾನ್ಷನ್ ಚೇಂಬರ್ ಎಂಬ ಸೈಲೆನ್ಸರಿನ ಆಕಾರಕ್ಕೆ ಇದೇ ಕಾರಣ.

ಲೆಕ್ಕ ಹೈಸ್ಕೂಲ್ ಮಟ್ಟದ್ದೇ. ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತಿದೆ, ಹೊಗೆಯ ಕಿಂಡಿ 180 ಡಿಗ್ರಿಯಷ್ಟು ಹೊತ್ತು ತೆರೆದಿರುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 150 ಸುತ್ತು, ಅರ್ಧ ಸುತ್ತಿಗೆ ಸೆಕೆಂಡಿನ 300ರಲ್ಲಿ ಒಂದು ಪಾಲು. ಬಿಸಿ ಹೊಗೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಅಷ್ಟು ಹೊತ್ತಿನಲ್ಲಿ ಅಲೆ ಸಾಗುವ ದೂರ 1.67 ಮೀಟರ್. ಹೋಗಿ ಬರಬೇಕಾದ್ದರಿಂದ ಅದರ ಅರ್ಧ, ಅಂದರೆ ಸುಮಾರು 83 ಸೆಂಟಿಮೀಟರ್ ದೂರದಲ್ಲಿ ಅಲೆಯನ್ನು ತಿರುಗಿಸುವ ಗೋಡೆ ಇರಬೇಕು. 7,000 ಸುತ್ತಿಗೆ ಹೊಂದಿಸಬೇಕಾದರೆ ಕೊಳವೆ ಇನ್ನೂ ಉದ್ದವಾಗಬೇಕು. ಸುತ್ತು ಹೊಂದದಿದ್ದಾಗ ಅಲೆ ತಪ್ಪು ಹೊತ್ತಿಗೆ ಬಂದು ಉಪಕಾರದ ಬದಲು ಉಪದ್ರವ ಮಾಡುತ್ತದೆ. ರೇಸ್ ಬೈಕು ಕೆಳಗಿನ ಸುತ್ತಿನಲ್ಲಿ ಮಂಕಾಗಿದ್ದು ಒಮ್ಮೆಲೇ ಜಿಗಿಯುವುದು ಇದರಿಂದಲೇ.

ಈ ವಿದ್ಯೆಗೆ ಆ ಕಾಲದಲ್ಲಿ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಒಂದು ಘಟನೆ ಸಾಕು. 1961ರ ಸ್ವೀಡನ್ ಗ್ರ್ಯಾನ್ ಪ್ರಿಗೆ ಹೋದ ಎಂಝಡ್ ಸವಾರ ಎರ್ನ್‌ಸ್ಟ್ ಡೆಗ್ನರ್ ಪೂರ್ವ ಜರ್ಮನಿಗೆ ಮರಳಲಿಲ್ಲ. ಕಾಡೆನ್ ತಂತ್ರದ ತಿಳಿವಳಿಕೆಯನ್ನು ಹೊತ್ತು ಜಪಾನಿನ ಸುಜುಕಿ ಸೇರಿದ. ಮರುವರ್ಷವೇ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ ಸುಜುಕಿಯದಾಯಿತು, ಸವಾರ ಅದೇ ಡೆಗ್ನರ್.

ಮೊದಲು ಸೋರಿಕೆ, ಆಮೇಲೆ ಶಕ್ತಿ

ಕೊಳವೆಯ ಮಹಿಮೆ ಕೇಳಿ ನೇರ ವೆಲ್ಡಿಂಗ್ ಅಂಗಡಿಗೆ ಓಡಬಾರದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಕೊಟ್ಟಿಗೆಯ ಮೂಲೆ ಸೇರಿದ ಬೈಕಿನ ಕ್ರ್ಯಾಂಕ್ ಬೇರಿಂಗಿಗೆ ತುಕ್ಕು ಹತ್ತಿರುತ್ತದೆ, ಆಯಿಲ್ ಸೀಲಿನ ರಬ್ಬರ್ ಗಡುಸಾಗಿರುತ್ತದೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಸೀಲು ಸೋರಿದರೆ ಹೊರಗಿನ ಗಾಳಿ ಒಳಗೆ ನುಸುಳಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ, ಜೊತೆಗೆ ಎಣ್ಣೆಯ ಪಾಲೂ ಇಳಿಯುತ್ತದೆ. ಬಿಸಿ ಏರಿ ಪಿಸ್ಟನ್ ಕಚ್ಚುತ್ತದೆ. ಹಾಗಾಗಿ ಎಂಜಿನ್ ಜೋಡಿಸಿದ ಮೇಲೆ ಕಿಂಡಿಗಳನ್ನೆಲ್ಲ ರಬ್ಬರ್ ಬಿರಡೆಯಿಂದ ಮುಚ್ಚಿ, ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಗಾಳಿ ತುಂಬಿಸಿ, ಒತ್ತಡಮಾಪಕದ ಮುಳ್ಳು ಇಳಿಯದೆ ಕೆಲವು ನಿಮಿಷ ನಿಲ್ಲುತ್ತದೆಯೇ ಎಂದು ನೋಡಬೇಕು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವ ಜಾಗ ಹುಡುಕಬೇಕು. ಕ್ರ್ಯಾಂಕಿನ ಎರಡು ಬದಿಗಳೂ ಒಂದೇ ಅಕ್ಷದಲ್ಲಿ ತಿರುಗುತ್ತವೆಯೇ ಎಂದು ಡಯಲ್ ಗೇಜ್ ಇಟ್ಟು ಪರೀಕ್ಷಿಸುವುದೂ, ಸವೆದ ಸಿಲಿಂಡರನ್ನು ಹೊಸ ಪಿಸ್ಟನ್ನಿಗೆ ತಕ್ಕಂತೆ ಬೋರ್ ಮಾಡಿಸುವುದೂ ಇದೇ ಹಂತದ ಕೆಲಸ.

ಮುಂದಿನದು ಕಿಂಡಿ. ರಸ್ತೆ ಬೈಕಿನಲ್ಲಿ ಹೊಗೆಯ ಕಿಂಡಿ ಸುಮಾರು 160 ಡಿಗ್ರಿ ತೆರೆದಿದ್ದರೆ ಪಕ್ಕಾ ರೇಸ್ ಎಂಜಿನ್ನಿನಲ್ಲಿ ಅದು 190 ದಾಟುತ್ತದೆ. ಆರ್‌ಎಕ್ಸ್‌ನಂಥ 50 ಮಿಲಿಮೀಟರ್ ಸ್ಟ್ರೋಕಿನ ಎಂಜಿನ್ನಿನಲ್ಲಿ ಕಿಂಡಿಯ ಮೇಲಂಚನ್ನು ಒಂದೇ ಒಂದು ಮಿಲಿಮೀಟರ್ ಉಜ್ಜಿ ಎತ್ತರಿಸಿದರೆ ಸುಮಾರು 5 ಡಿಗ್ರಿ ಕೂಡುತ್ತದೆ. ಉಜ್ಜಿದ ಲೋಹ ಮತ್ತೆ ಬಾರದು. ಕ್ರ್ಯಾಂಕಿಗೆ ಕೋನಮಾಪಕದ ತಟ್ಟೆ ಬಿಗಿದು, ಮೊದಲು ಅಳೆದು ಬರೆದಿಟ್ಟು, ಆಮೇಲೆ ಅರ ಹಿಡಿಯುವುದು ಜಾಣತನ. ಕಿಂಡಿಯನ್ನು ತೀರ ಅಗಲ ಮಾಡಿದರೆ ಪಿಸ್ಟನ್ ರಿಂಗ್ ಅದರೊಳಗೆ ಇಣುಕಿ ಮುರಿಯುತ್ತದೆ.

ಸಿಲಿಂಡರ್ ಹೆಡ್ಡಿನಲ್ಲಿ ಅಳೆಯಬೇಕಾದದ್ದು ಅಂಚಿನ ಸಂದು. ಪಿಸ್ಟನ್ ತುತ್ತತುದಿಗೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗ ಚಿಕ್ಕ ಎಂಜಿನ್ನುಗಳಲ್ಲಿ ಸುಮಾರು 1 ಮಿಲಿಮೀಟರ್ ಇದ್ದರೆ ಚೆನ್ನ. ಅಲ್ಲಿಂದ ಹಿಂಡಲ್ಪಟ್ಟ ಮಿಶ್ರಣ ನಡುವಿಗೆ ಚಿಮ್ಮಿ ಕಲಕಿಕೊಂಡು ಬೇಗ ಉರಿಯುತ್ತದೆ. ಪ್ಲಗ್ಗಿನ ತೂತಿನಿಂದ ಮೆದುವಾದ ಬೆಸುಗೆ (ಸೋಲ್ಡರ್) ತಂತಿಯ ತುಂಡು ತೂರಿಸಿ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದರೆ ತಂತಿ ಚಪ್ಪಟೆಯಾಗುತ್ತದೆ. ಅದರ ದಪ್ಪವೇ ಸಂದಿನ ಅಳತೆ. ಹೀಗೆ ಕಲಕುವುದನ್ನು ಇನ್ನಷ್ಟು ಹೆಚ್ಚಿಸಲು ಹೆಡ್ಡಿನಲ್ಲಿ ಗೀರುಕಾಲುವೆ ಕೊರೆಯುವ ವಿಧಾನಕ್ಕೆ ಮೈಸೂರಿನ ಸೋಮೇಂದರ್ ಸಿಂಗ್ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದಾರೆ.

ಘಟ್ಟ ಇಳಿದ ಗಾಳಿ

ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿಗೆ ಊರಿನ ಎತ್ತರ ಗೊತ್ತಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿರುವ ಮೈಸೂರಿನಲ್ಲಿ ಗಾಳಿಯ ಸಾಂದ್ರತೆ ಅದೇ ಉಷ್ಣತೆಯ ಕರಾವಳಿ ಗಾಳಿಗಿಂತ ಸುಮಾರು ಶೇ. 8ರಷ್ಟು ಕಡಿಮೆ. ಅಲ್ಲಿ ಹೊಂದಿಸಿದ ಬೈಕು ಸಂಪಾಜೆ ಘಟ್ಟ ಇಳಿದು ಬಂದರೆ ಪೆಟ್ರೋಲಿನ ಪಾಲು ಸಾಲದಾಗಬಹುದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್ ಇದೆ, ಅದು ಉರಿಯಲು ಕಡಿಮೆ ಗಾಳಿ ಸಾಕು. ಆ ಲೆಕ್ಕದಲ್ಲೂ ಹಳೆಯ ಜೆಟ್ ಚಿಕ್ಕದಾಯಿತು. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದುದ್ದಕ್ಕೂ ಟ್ಯಾಂಕಿನಲ್ಲಿ ಪೆಟ್ರೋಲು ಬಿಡುವುದು ಒಳ್ಳೆಯದಲ್ಲ. ಜೆಟ್ ಹೊಂದಿಸುವಾಗ ದೊಡ್ಡದರಿಂದ ಶುರುಮಾಡಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿಸಿ, ಒಮ್ಮೆಲೇ ಎಂಜಿನ್ ನಿಲ್ಲಿಸಿ ಪ್ಲಗ್ ತೆಗೆದು ಬಣ್ಣ ನೋಡುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಪ್ಲಗ್ ಬೆಳ್ಳಗಾಗಿದ್ದರೆ ಅಪಾಯ, ಕಂದು ಬಣ್ಣ ಸರಿ.

ಎಣ್ಣೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಲೀಟರಿಗೆ 40 ಮಿಲಿಲೀಟರ್ ಸಾಮಾನ್ಯ ಅಳತೆ. ಇನ್ನೂ ಕ್ಷೇಮವಿರಲಿ ಎಂದು ಎಣ್ಣೆ ಹೆಚ್ಚು ಸುರಿದರೆ ಅದೇ ಜೆಟ್ಟಿನಲ್ಲಿ ಹರಿಯುವ ಪೆಟ್ರೋಲಿನ ಪಾಲು ಇಳಿದು ಎಂಜಿನ್ ಇನ್ನೂ ಬಿಸಿಯಾಗಬಹುದು. ಮತ್ತೊಂದು: ಪೆಟ್ರೋಲಿಗೇ ಎಣ್ಣೆ ಬೆರೆಸುವ ಬೈಕಿನಲ್ಲಿ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ. ನೇರದಾರಿಯ ತುದಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನ ಬಲದಿಂದಲೇ ವೇಗ ತಗ್ಗಿಸಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ತೀರ ಕಡಿಮೆ ಬರುತ್ತದೆ. ಉದ್ದದ ಇಳಿಜಾರಿನಲ್ಲಿ ಹಳೆಯ ಜಾವಾ ಸವಾರರು ನಡುನಡುವೆ ಆಕ್ಸಿಲರೇಟರ್ ತಿರುವುತ್ತಿದ್ದುದು ಶೋಕಿಗಲ್ಲ.

ಯಾವ ಟ್ರ್ಯಾಕಿಗೆ ಯಾವ ಬೈಕು

ರೋಡ್‌ಕಿಂಗ್‌ನ ಸ್ಟ್ರೋಕ್ 75 ಮಿಲಿಮೀಟರ್. 9,000 ಸುತ್ತಿಗೆ ಏರಿಸಿದರೆ ಅದರ ಪಿಸ್ಟನ್ ಸರಾಸರಿ ಸೆಕೆಂಡಿಗೆ 22.5 ಮೀಟರ್ ಓಡಬೇಕು. ಅದೇ ಸುತ್ತಿನಲ್ಲಿ ಆರ್‌ಎಕ್ಸ್ ಪಿಸ್ಟನ್ನಿಗೆ 15 ಮೀಟರ್ ಸಾಕು. 4,750 ಸುತ್ತಿನಲ್ಲಿ ತನ್ನ ಪೂರ್ತಿ ಶಕ್ತಿ ಕೊಡುವಂತೆ ರೂಪಿಸಿದ ಯೆಜ್ಡಿಯನ್ನು ಕಿರುಚಿಸುವುದು ವ್ಯರ್ಥ. ಅದರ ಬಲ ಇರುವುದು ಕೆಳಗಿನ ಸುತ್ತಿನ ಎಳೆತದಲ್ಲಿ. ಪಕ್ಕದ ಕೊಡಗಿನಲ್ಲಿ ಗದ್ದೆಗಳಲ್ಲಿಯೇ ಆಟೋಕ್ರಾಸ್ ನಡೆಯುತ್ತದೆ. ಅಂಥ ಮಣ್ಣಿನ, ಕಿರುತಿರುವುಗಳ ಹಾದಿಯಲ್ಲಿ ಥಟ್ಟನೆ ಜಿಗಿಯುವ ಶಕ್ತಿ ಚಕ್ರವನ್ನು ಜಾರಿಸುತ್ತದೆಯೇ ಹೊರತು ಬೈಕನ್ನು ಮುಂದೆ ಒಯ್ಯುವುದಿಲ್ಲ. ಅಲ್ಲಿಗೆ ಕೊಳವೆಯ ಅಗಲ ನಿಧಾನವಾಗಿ ಹೆಚ್ಚಿ ನಿಧಾನವಾಗಿ ಇಳಿಯಬೇಕು, ಕಿಂಡಿಗೆ ಹೆಚ್ಚು ಅರ ತಾಗಬಾರದು. ಉದ್ದನೆಯ ಡಾಂಬರಿನ ನೇರ ಓಟವಾದರೆ ಲೆಕ್ಕ ತಲೆಕೆಳಗು, ಅಲ್ಲಿ ಆರ್‌ಎಕ್ಸ್ ಗೆಲ್ಲಬಲ್ಲದು. ಹೆಚ್ಚು ಅಶ್ವಶಕ್ತಿಯ ಬೈಕೇ ವೇಗದ ಬೈಕು ಎಂಬ ನಂಬಿಕೆ ಬಿಟ್ಟವರಷ್ಟೇ ಒಳ್ಳೆಯ ಟೂ ಸ್ಟ್ರೋಕ್ ರೇಸ್ ಬೈಕು ಕಟ್ಟುತ್ತಾರೆ.

ಅದಕ್ಕೂ ಮೊದಲು ಬ್ರೇಕು. ಹಳೆಯ ಡ್ರಮ್ ಬ್ರೇಕಿಗೆ ಹೊಸ ಲೈನಿಂಗ್, ಹೊಸ ಟಯರು, ಚೈನು, ಹ್ಯಾಂಡಲಿನ ಬೇರಿಂಗು, ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚು, ಸಡಿಲಾಗದಂತೆ ತಂತಿ ಬಿಗಿದ ಆಯಿಲ್ ಬೋಲ್ಟು: ರೇಸಿನ ತಪಾಸಣೆಯಲ್ಲಿ ನೋಡುವುದು ಇಂಥವನ್ನು, ಎಂಜಿನ್ನಿನ ಶಕ್ತಿಯನ್ನಲ್ಲ. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್ ಆದ್ದರಿಂದ ಅದರ ಸವೆತವನ್ನು ವಿಶೇಷವಾಗಿ ನೋಡಬೇಕು.

ಕೊನೆಯದಾಗಿ ಬೆಳ್ಳಾರೆ, ಸುಳ್ಯ, ಪುತ್ತೂರಿನ ತರುಣರಿಗೆ ಒಂದು ಮಾತು. ಹೀಗೆ ಮಾರ್ಪಡಿಸಿದ ಬೈಕು ಸಾರ್ವಜನಿಕ ರಸ್ತೆಯ ವಾಹನವಲ್ಲ. ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನಡಿ ಅಪರಾಧ, ಅದರಿಂದ ಪಂದ್ಯದಲ್ಲಿಲ್ಲದವರೂ ಸಾಯುತ್ತಾರೆ. ಪರವಾನಗಿ ಪಡೆದ ಸ್ಪರ್ಧೆಗೇ ಹೋಗಿ. ಮೂಲ ಸೈಲೆನ್ಸರ್, ಮೂಲ ಸಿಲಿಂಡರ್, ಮೂಲ ಹೆಡ್ಡುಗಳನ್ನು ಎಣ್ಣೆ ಸವರಿ ತೆಗೆದಿಡಿ, ಅರ ಹಚ್ಚುವ ಕೆಲಸವೆಲ್ಲ ಬೇರೆ ಸಿಲಿಂಡರಿನಲ್ಲಿ ಆಗಲಿ. ಮೈಸೂರಿನ ಆ ಕಾರ್ಖಾನೆ ಇನ್ನೊಂದು ರೋಡ್‌ಕಿಂಗ್ ಮಾಡಿಕೊಡುವುದಿಲ್ಲ.