ಕತ್ತರಿಸುವ ಮುನ್ನ ಪರದೆಯ ಮೇಲೆಯೇ ಲೆಕ್ಕ: ‘ಸೀನ್ ಗ್ರಾಫ್’ ತಂತ್ರಾಂಶದ ಪರಿಚಯ

ಉಕ್ಕಿನ ಶೀಟ್ ಕತ್ತರಿಸಿ ಬಿಡಿಭಾಗ ತಯಾರಿಸುವ ಘಟಕಗಳಲ್ಲಿ ಕಚ್ಚಾಮಾಲು ಪೋಲಾದಷ್ಟೂ ಲಾಭ ಕರಗುತ್ತದೆ. 2500 × 1250 ಮಿ.ಮೀ. ಅಳತೆಯ ಒಂದು ಶೀಟಿನಿಂದ 400 × 300 ಮಿ.ಮೀ.ನ 20 ಪ್ಲೇಟ್‌ಗಳನ್ನು ತೆಗೆದರೆ ಶೀಟಿನ ಶೇ. 23.2 ಭಾಗ ಉಳಿಯುತ್ತದೆ. ಜೋಡಣೆಯನ್ನು ಬದಲಿಸಿ 24 ಪ್ಲೇಟ್‌ಗಳನ್ನು ತೆಗೆದರೆ ಉಳಿಯುವುದು ಶೇ. 7.84 ಮಾತ್ರ. ಈ ವ್ಯತ್ಯಾಸವು ಶೀಟನ್ನು ಯಂತ್ರಕ್ಕೆ ಏರಿಸುವ ಮುನ್ನವೇ ಗಣಕದ ಪರದೆಯ ಮೇಲೆ ಕಾಣುವಂತಿರಬೇಕು. ಅಂತಹ ತಂತ್ರಾಂಶವನ್ನು ಸಣ್ಣ ಉದ್ಯಮಿಯೂ ತನ್ನ ಅಗತ್ಯಕ್ಕೆ ತಕ್ಕಂತೆ ಸಿದ್ಧಪಡಿಸಿಕೊಳ್ಳಲು ‘ಸೀನ್ ಗ್ರಾಫ್’ ಎಂಬ ವಿಧಾನವು ನೆರವಾಗುತ್ತದೆ.

ಚಿತ್ರಕ್ಕೂ ಸೀನ್ ಗ್ರಾಫ್‌ಗೂ ಇರುವ ಅಂತರ

ಸಾಮಾನ್ಯ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಪ್ಲೇಟ್ ಎಂಬುದು ಬಣ್ಣದ ಚುಕ್ಕೆಗಳ ಸಮೂಹವಷ್ಟೆ. ಒಮ್ಮೆ ಬರೆದ ಮೇಲೆ ಯಾವ ಚುಕ್ಕೆ ಯಾವ ಪ್ಲೇಟಿಗೆ ಸೇರಿದ್ದೆಂಬುದು ಗಣಕಕ್ಕೆ ತಿಳಿಯದು. ಸೀನ್ ಗ್ರಾಫ್‌ನಲ್ಲಾದರೋ ಪ್ರತಿಯೊಂದು ಪ್ಲೇಟ್ ಪ್ರತ್ಯೇಕ ವಸ್ತುವಾಗಿ ಗಣಕದ ಸ್ಮೃತಿಯಲ್ಲಿ ಉಳಿಯುತ್ತದೆ. ಅದರ ಅಳತೆ, ಸ್ಥಾನ ಮತ್ತು ಆಕಾರ ಅದರೊಡನೆಯೇ ಇರುತ್ತವೆ. ಬೇಕಿದ್ದರೆ ಗ್ರಾಹಕರ ಆರ್ಡರ್ ಸಂಖ್ಯೆಯನ್ನೂ ಸೇರಿಸಬಹುದು. ಆದುದರಿಂದ ಮೌಸ್‌ನಿಂದ ಅದನ್ನು ಆರಿಸಬಹುದು, ಸರಿಸಬಹುದು, ಎಣಿಸಬಹುದು.

ಈ ವಸ್ತುಗಳು ವಂಶವೃಕ್ಷದಂತೆ ಜೋಡಣೆಗೊಂಡಿರುತ್ತವೆ. ಪ್ಲೇಟ್ ತಾಯಿಯಾದರೆ ಅದರಲ್ಲಿನ ರಂಧ್ರಗಳು ಮಕ್ಕಳು. ಪ್ಲೇಟಿನ ಮೂಲೆಯಿಂದ ರಂಧ್ರದ ಕೇಂದ್ರವು ಎರಡೂ ದಿಕ್ಕಿನಲ್ಲಿ 30 ಮಿ.ಮೀ. ದೂರದಲ್ಲಿದೆ ಎಂದುಕೊಳ್ಳೋಣ. ಪ್ಲೇಟಿನ ಆ ಮೂಲೆಯನ್ನು ಶೀಟಿನ (1200, 500) ಸ್ಥಾನಕ್ಕೆ ಒಯ್ದರೆ ರಂಧ್ರದ ಕೇಂದ್ರವು ತಾನಾಗಿಯೇ (1230, 530) ಸ್ಥಾನದಲ್ಲಿ ನಿಲ್ಲುತ್ತದೆ. ಪ್ರತಿ ರಂಧ್ರವನ್ನೂ ಬೇರೆಯಾಗಿ ಸರಿಸಬೇಕಿಲ್ಲ. ಕೈತಪ್ಪಿನಿಂದ ಮಾಲು ಕೆಡುವ ಸಂಭವವೂ ಕಡಿಮೆಯಾಗುತ್ತದೆ.

ಲಭ್ಯವಿರುವ ಸಾಧನ

ಈ ವಿಧಾನದ ಪರಿಚಿತ ಸಾಧನಗಳಲ್ಲೊಂದು ‘ಕ್ಯೂಟ್’ ಲೈಬ್ರರಿಯ ಭಾಗವಾದ ‘ಗ್ರಾಫಿಕ್ಸ್ ವ್ಯೂ’. ನಾರ್ವೆಯ ಟ್ರೋಲ್‌ಟೆಕ್ ಸಂಸ್ಥೆಯು ಇದನ್ನು 2006ರಲ್ಲಿ ಕ್ಯೂಟ್ 4.2 ಆವೃತ್ತಿಯೊಡನೆ ಬಿಡುಗಡೆ ಮಾಡಿತು. 2020ರ ಡಿಸೆಂಬರಿನಲ್ಲಿ ಬಂದ ಕ್ಯೂಟ್ 6ರಲ್ಲಿಯೂ ಇದನ್ನು ಉಳಿಸಿಕೊಳ್ಳಲಾಗಿದೆ.

ಇದರಲ್ಲಿ ಮೂರು ಅಂಗಗಳಿವೆ: ವಸ್ತು, ವಸ್ತುಗಳನ್ನೆಲ್ಲ ಒಳಗೊಂಡ ದೃಶ್ಯ, ಹಾಗೂ ದೃಶ್ಯವನ್ನು ತೋರಿಸುವ ಕಿಂಡಿ. ಒಂದೇ ದೃಶ್ಯಕ್ಕೆ ಹಲವು ಕಿಂಡಿಗಳಿರಬಹುದು. ಒಂದರಲ್ಲಿ ಇಡೀ ಶೀಟನ್ನೂ ಮತ್ತೊಂದರಲ್ಲಿ ಒಂದು ಮೂಲೆಯನ್ನು ಹಿಗ್ಗಿಸಿಯೂ ನೋಡಬಹುದು. ದೃಶ್ಯದ ಕ್ಷೇತ್ರವನ್ನು ತುಂಡುಗಳಾಗಿ ವಿಭಾಗಿಸಿ ಸೂಚಿ ಇಟ್ಟುಕೊಳ್ಳುವುದರಿಂದ, ಸಾವಿರಾರು ವಸ್ತುಗಳಿದ್ದರೂ ಮೌಸ್ ತಾಗಿದ ವಸ್ತುವು ಶೀಘ್ರವಾಗಿ ದೊರೆಯುತ್ತದೆ. ಎರಡು ಪ್ಲೇಟ್‌ಗಳು ಒಂದರ ಮೇಲೊಂದು ಬಿದ್ದಿವೆಯೇ ಎಂಬುದನ್ನು ಪತ್ತೆಮಾಡುವ ಸೌಲಭ್ಯವೂ ಸಿದ್ಧವಾಗಿದೆ.

ಮಿತಿಗಳು

ಇದು ಪರಿಪೂರ್ಣ ಕ್ಯಾಡ್ ತಂತ್ರಾಂಶವಲ್ಲ. ಗ್ರಾಹಕರು ಕಳುಹಿಸುವ ಡಿಎಕ್ಸ್‌ಎಫ್ ಕಡತವನ್ನು ಇದು ತಾನಾಗಿ ಓದದು. ಅತ್ಯುತ್ತಮ ಜೋಡಣೆಯನ್ನು ತಾನೇ ಹುಡುಕಿಕೊಡದು. ದೃಶ್ಯವನ್ನು ಕಡತವಾಗಿ ಉಳಿಸುವ ವ್ಯವಸ್ಥೆಯನ್ನೂ ಪ್ರೋಗ್ರಾಮರ್ ಪ್ರತ್ಯೇಕವಾಗಿ ಬರೆಯಬೇಕು. ಈ ಮೂರೂ ಕೆಲಸಗಳ ವೆಚ್ಚವು ದರಪಟ್ಟಿಯಲ್ಲಿ ಸೇರಿದೆಯೇ ಎಂಬುದನ್ನು ಆರಂಭದಲ್ಲಿಯೇ ವಿಚಾರಿಸತಕ್ಕದ್ದು.

ಪರವಾನಗಿಯ ವಿಚಾರ

ಉದ್ಯಮಿಗಳು ಹೆಚ್ಚಿನ ಗಮನ ನೀಡಬೇಕಾದುದು ಇಲ್ಲಿ. 2009ರಲ್ಲಿ ಕ್ಯೂಟ್ 4.5 ಎಲ್‌ಜಿಪಿಎಲ್ ಪರವಾನಗಿಯಡಿಯೂ ದೊರೆಯಲಾರಂಭಿಸಿತು. ಆ ಪರವಾನಗಿಗೆ ಶುಲ್ಕವಿಲ್ಲ. ನಿಮ್ಮ ಸ್ವಂತ ಪ್ರೋಗ್ರಾಮಿನ ಸೋರ್ಸ್ ಕೋಡನ್ನು ಬಹಿರಂಗಪಡಿಸಬೇಕೆಂಬ ನಿರ್ಬಂಧವೂ ಇಲ್ಲ. ಆದರೆ ತಂತ್ರಾಂಶವನ್ನು ಇತರರಿಗೆ ಮಾರುವುದಾದರೆ ಪರವಾನಗಿಯ ಪ್ರತಿಯನ್ನು ಜೊತೆಗಿಡಬೇಕು, ಕ್ಯೂಟ್‌ನ ಸೋರ್ಸ್ ಕೋಡ್ ದೊರೆಯುವಂತೆ ಮಾಡಬೇಕು ಹಾಗೂ ಖರೀದಿದಾರನು ಆ ಲೈಬ್ರರಿಯನ್ನು ಬದಲಿಸಿಕೊಳ್ಳಲು ಅವಕಾಶ ನೀಡಬೇಕು. ಕ್ಯೂಟ್‌ನ ಕೆಲವು ಭಾಗಗಳು ಎಲ್‌ಜಿಪಿಎಲ್ ಅಡಿ ಬರುವುದಿಲ್ಲ.

ಪೈಥಾನ್ ಭಾಷೆಯಲ್ಲಿ ಕೆಲಸ ಮಾಡಿಸುವವರು ಇನ್ನೂ ಒಂದು ಅಂಶವನ್ನು ಗಮನಿಸಬೇಕು. ‘ಪೈಸೈಡ್’ ಎಲ್‌ಜಿಪಿಎಲ್ ಅಡಿ ದೊರೆಯುತ್ತದೆ. ‘ಪೈಕ್ಯೂಟ್’ ಆದರೋ ಜಿಪಿಎಲ್ ಅಥವಾ ವಾಣಿಜ್ಯ ಪರವಾನಗಿಯಡಿ ಮಾತ್ರ. ಜಿಪಿಎಲ್ ಆರಿಸಿಕೊಂಡು ತಂತ್ರಾಂಶವನ್ನು ಮಾರಿದರೆ ಖರೀದಿದಾರರಿಗೆ ನಿಮ್ಮ ಸೋರ್ಸ್ ಕೋಡನ್ನೂ ಒದಗಿಸಬೇಕಾಗುತ್ತದೆ. ಸ್ವಂತ ಘಟಕದೊಳಗೆ ಮಾತ್ರ ಬಳಸುವವರಿಗೆ ಈ ವಿತರಣಾ ಷರತ್ತುಗಳು ಅನ್ವಯಿಸುವುದಿಲ್ಲ.

ತಂತ್ರಾಂಶ ತಯಾರಕರಿಗೆ ಆರ್ಡರ್ ನೀಡುವಾಗ ಮೂರು ಸಂಗತಿಗಳನ್ನು ಲಿಖಿತವಾಗಿ ಪಡೆಯುವುದು ಒಳಿತು: ಬಳಸಿದ ಲೈಬ್ರರಿಗಳ ಹೆಸರು ಮತ್ತು ಪರವಾನಗಿ, ನಕ್ಷೆ ಉಳಿಸುವ ಕಡತದ ವಿವರಣೆ, ಹಾಗೂ ನೀವು ಹಣ ಕೊಟ್ಟು ಬರೆಸಿದ ಸೋರ್ಸ್ ಕೋಡಿನ ಪ್ರತಿ. ಇವು ಕೈಯಲ್ಲಿದ್ದರೆ ನಾಳೆ ತಯಾರಕರು ಬದಲಾದರೂ ನಿಮ್ಮ ನಕ್ಷೆಗಳು ನಿಮ್ಮಲ್ಲಿಯೇ ಉಳಿಯುತ್ತವೆ.