ಪಕೆರಿಸಾನ್ ಕಣಿವೆಯ ತೀರ್ಥ

ಬಾಲಿ ದ್ವೀಪದ ಗಿಯಾನ್ಯಾರ್ ಜಿಲ್ಲೆಯಲ್ಲಿ, ಉಬುದ್ ಪಟ್ಟಣದಿಂದ ಈಶಾನ್ಯಕ್ಕೆ, ಪಕೆರಿಸಾನ್ ಎಂಬ ಚಿಕ್ಕ ನದಿ ಜ್ವಾಲಾಮುಖಿಯ ಮೆದುಕಲ್ಲನ್ನು ಕೊರೆಯುತ್ತ ಆಳದಲ್ಲಿ ಹರಿಯುತ್ತದೆ. ಕಣಿವೆಯ ಮೇಲ್ಭಾಗದಲ್ಲಿ, ತಂಪಾಕ್‌ಸಿರಿಂಗ್ ಊರಿನ ಬಳಿ, ತೀರ್ಥ ಎಂಪುಲ್ ದೇವಾಲಯವಿದೆ. ಇಲ್ಲಿನ ಆರಾಧನೆಯ ಕೇಂದ್ರ ಒಂದು ನೀರಬುಗ್ಗೆ. ಒಳಪ್ರಾಕಾರದ ತಿಳಿಗೊಳದಲ್ಲಿ ಕಪ್ಪು ಮರಳನ್ನು ಎಬ್ಬಿಸುತ್ತ ನೀರು ಉಕ್ಕುವುದು ಬರಿಗಣ್ಣಿಗೇ ಕಾಣುತ್ತದೆ.

10ನೆಯ ಶತಮಾನದಲ್ಲಿ ಚಂದ್ರಭಯ ಸಿಂಹ ವರ್ಮದೇವ ಎಂಬ ಅರಸ ಇಲ್ಲಿ ತೀರ್ಥಕೊಳ ಕಟ್ಟಿಸಿದ ಸಂಗತಿ ಹತ್ತಿರದ ಮನುಕಾಯ ಊರಿನ ಶಿಲಾಶಾಸನದಲ್ಲಿದೆ. ಕನ್ನಡ ನಾಡಿನ ಶಾಸನಗಳಂತೆ ಅದರ ಕಾಲಗಣನೆಯೂ ಶಕವರ್ಷದ್ದೇ. ಬಾಲಿಯ ಶಕವರ್ಷದ ಮೊದಲ ದಿನವಾದ ನ್ಯೆಪಿ ಇಂದಿಗೂ ನಮ್ಮ ಯುಗಾದಿಯ ಆಸುಪಾಸಿನಲ್ಲಿ ಬರುತ್ತದೆ. ಸ್ಥಳಪುರಾಣ ಬೇರೆಯದನ್ನು ಹೇಳುತ್ತದೆ: ದೇವಪೂಜೆಯನ್ನು ನಿಷೇಧಿಸಿದ ಮಾಯಾದನವ ಎಂಬ ರಾಜ ಇಂದ್ರನ ಸೈನ್ಯಕ್ಕೆ ವಿಷದ ನೀರು ಕುಡಿಸಿದ, ಇಂದ್ರ ನೆಲವನ್ನು ಸೀಳಿ ಅಮೃತದಂಥ ಈ ಬುಗ್ಗೆಯನ್ನು ಹೊರತೆಗೆದು ಸೈನಿಕರನ್ನು ಬದುಕಿಸಿದ. 210 ದಿನಗಳಿಗೊಮ್ಮೆ ಬರುವ ಗಲುಂಗಾನ್ ಹಬ್ಬವನ್ನು ಜನ ಆ ಗೆಲುವಿಗೇ ಜೋಡಿಸುತ್ತಾರೆ.

ಬುಗ್ಗೆಯ ನೀರು ಹೊರಗಿನ ಸ್ನಾನದ ಕೊಳಗಳಿಗೆ ಕಲ್ಲಿನ ದೋಣಿಬಾಯಿಗಳಿಂದ ಬೀಳುತ್ತದೆ. ಭಕ್ತರು ಮೊದಲು ಹೂವಿನ ನೈವೇದ್ಯ ಇಟ್ಟು, ಸೊಂಟದುದ್ದ ನೀರಿಗಿಳಿದು, ಎಡದಿಂದ ಆರಂಭಿಸಿ ಒಂದೊಂದು ಧಾರೆಗೂ ಕೈಮುಗಿದು ತಲೆಯೊಡ್ಡುತ್ತಾರೆ. ಈ ಶುದ್ಧಿಸ್ನಾನಕ್ಕೆ ಮೆಲುಕಾತ್ ಎಂದು ಹೆಸರು. ಎರಡು ಧಾರೆಗಳನ್ನು ಮಾತ್ರ ಮುಟ್ಟದೆ ದಾಟುತ್ತಾರೆ. ಅವುಗಳ ನೀರು ಸತ್ತವರ ಕ್ರಿಯೆಗೆ ಮೀಸಲು. ಸ್ನಾನ ಮಾಡದವರೂ ಸರೋಂಗ್ ಉಟ್ಟು, ಸೊಂಟಕ್ಕೆ ಪಟ್ಟಿ ಬಿಗಿದೇ ಒಳಹೋಗಬೇಕು. ಅಂಗಳದ ಮೀನುಕೊಳ, ಹುಲ್ಲುಹಾಸು, ದೇವಕಣಗಿಲೆ ಮರಗಳ ನಡುವೆ ಕೂತು ಈ ಸ್ನಾನವನ್ನು ನೋಡುವುದಕ್ಕೂ ಸಾಕಷ್ಟು ಹೊತ್ತು ಬೇಕು. ಪಕ್ಕದ ದಿಬ್ಬದ ಮೇಲೆ ಕಾಣುವುದು 1950ರ ದಶಕದ ಕೊನೆಯಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಕಾರ್ನೊ ಅವರಿಗಾಗಿ ಕಟ್ಟಲು ಆರಂಭಿಸಿದ ಅರಮನೆ.

ಹೆಚ್ಚಿನ ಪ್ರವಾಸಿಗರು ಇಲ್ಲಿಂದಲೇ ಹಿಂತಿರುಗುತ್ತಾರೆ. ಅದು ದೊಡ್ಡ ನಷ್ಟ. ನದಿಯ ಕೆಳಹರಿವಿನಲ್ಲಿ, ಇನ್ನೂರಕ್ಕೂ ಹೆಚ್ಚು ಮೆಟ್ಟಿಲಿಳಿದರೆ, ಗುನುಂಗ್ ಕಾವಿ ಸಿಗುತ್ತದೆ. ಇಲ್ಲಿ ಕಣಿವೆಯ ಗೋಡೆಗಳಲ್ಲಿ ಎತ್ತರದ ಗೂಡುಗಳನ್ನು ಕೊರೆದು ಹತ್ತು ಗುಡಿಗಳ ಮುಖಗಳನ್ನು ಕಡೆದಿದ್ದಾರೆ. ಪೂರ್ವದಂಡೆಯಲ್ಲಿ ಐದು, ಪಶ್ಚಿಮದಂಡೆಯಲ್ಲಿ ನಾಲ್ಕು, ತುಸು ದೂರದಲ್ಲಿ ಒಂಟಿಯಾಗಿ ಇನ್ನೊಂದು. ಗುಡಿಯಂತೆ ಕಂಡರೂ ಒಳಗೆ ಗರ್ಭಗುಡಿಯಿಲ್ಲ. ಇವು 11ನೆಯ ಶತಮಾನದ ರಾಜಮನೆತನದ ಸ್ಮಾರಕಗಳು. ಉದಯನ ರಾಜನ ಕಿರಿಮಗ ಅನಕ್ ವುಂಗ್ಸುವಿನ ಹೆಸರು ಇವುಗಳೊಂದಿಗೆ ಸೇರಿಕೊಂಡಿದೆ. ಅವನ ಅಣ್ಣ ಐರ್‌ಲಂಗ ಜಾವಾದಲ್ಲಿ ಆಳಿದವನು. ಕೆಬೊ ಇವಾ ಎಂಬ ದೈತ್ಯ ಒಂದೇ ರಾತ್ರಿಯಲ್ಲಿ ಉಗುರಿನಿಂದ ಇವನ್ನು ಕೆತ್ತಿದನೆಂಬುದು ಜನರ ನಂಬಿಕೆ.

ಸ್ಮಾರಕಗಳ ಸುತ್ತ ತೆಂಗಿನ ಮರಗಳೂ ಮೆಟ್ಟಿಲುಗದ್ದೆಗಳೂ ಇವೆ. ಇವು ಬರಿಯ ಹಿನ್ನೆಲೆಯಲ್ಲ. ಬುಗ್ಗೆಯ ನೀರು ದೇವಾಲಯ ದಾಟಿ ಕಾಲುವೆಗಳ ಮೂಲಕ ಗದ್ದೆಗಿಳಿಯುತ್ತದೆ. ಅದನ್ನು ಹಂಚಿಕೊಳ್ಳುವುದು ಸುಬಾಕ್ ಎಂಬ ರೈತಸಂಘಗಳು. ಯಾವಾಗ ನಾಟಿ, ಯಾವಾಗ ಗದ್ದೆ ಬೀಳುಬಿಡುವುದು ಎಂಬುದನ್ನು ಜಲದೇವಾಲಯಗಳ ಪೂಜಾಕ್ರಮಕ್ಕೆ ಹೊಂದಿಸಿ ಒಟ್ಟಾಗಿ ನಿರ್ಧರಿಸುತ್ತಾರೆ. ಅಕ್ಕಪಕ್ಕದ ಗದ್ದೆಗಳೆಲ್ಲ ಒಮ್ಮೆಗೇ ಖಾಲಿಯಾದಾಗ ಕೀಟಗಳಿಗೂ ಇಲಿಗಳಿಗೂ ಆಹಾರ ಸಿಗದು. 1970ರ ದಶಕದಲ್ಲಿ ಅಧಿಕ ಇಳುವರಿಯ ಭತ್ತವನ್ನು ಬಿಡುವಿಲ್ಲದೆ ಬೆಳೆಯಲು ಸರ್ಕಾರ ಒತ್ತಾಯಿಸಿದಾಗ ಕೀಟಗಳ ಹಾವಳಿ ಹೆಚ್ಚಿತು, ನೀರಿನ ಹಂಚಿಕೆ ಹದಗೆಟ್ಟಿತು. ರೈತರು ಹಳೆಯ ಕ್ರಮಕ್ಕೇ ಮರಳಿದರು. 2012ರಲ್ಲಿ ಯುನೆಸ್ಕೊ ಬಾಲಿಯ ಸುಬಾಕ್ ಪ್ರದೇಶಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪಕೆರಿಸಾನ್ ಜಲಾನಯನವೂ ಅದರಲ್ಲಿತ್ತು.