ಗಿಟಾರಿನ ಕೊರಳು ಮತ್ತು ಎರಡು ಡಿಗ್ರಿ ಕೋನ

ತ್ರಿಕೋನಮಿತಿಯ ಪಾಠ ಬಂದಾಗಲೆಲ್ಲ, ಈ ಟ್ಯಾನ್‌ಜೆಂಟು ಮುಂದೆ ಯಾವ ಕೆಲಸಕ್ಕೆ ಬರುತ್ತದೆಂದು ಮಕ್ಕಳು ಕೇಳುವುದುಂಟು. ಗೋಪುರದ ಎತ್ತರ, ನದಿಯ ಅಗಲಗಳ ಉದಾಹರಣೆಗಳು ಪಠ್ಯಪುಸ್ತಕದಲ್ಲಿಯೇ ಇವೆ. ನಾನು ಇಲ್ಲಿ ಮರಗೆಲಸದ ಒಂದು ಉದಾಹರಣೆಯನ್ನು ವಿವರಿಸಬಯಸುತ್ತೇನೆ. ಅದು ವಿದ್ಯುತ್ ಗಿಟಾರಿನ ಕೊರಳನ್ನು ಒಡಲಿಗೆ ಜೋಡಿಸುವ ಕೋನದ ಲೆಕ್ಕ.

ವೀಣೆಯಲ್ಲಿರುವಂತೆ ಗಿಟಾರಿನಲ್ಲಿಯೂ ತಂತಿಗಳನ್ನು ಹೊರುವ ಕುದುರೆ ಇದೆ. ಸ್ವರಸ್ಥಾನಗಳನ್ನು ತೋರುವ ಮೆಟ್ಟುಗಳಿವೆ. ಮೆಟ್ಟುಗಳು ಕೊರಳಿಗೆ ಅಂಟಿಸಿದ ಹಲಗೆಯ ಮೇಲಿರುತ್ತವೆ. ತಂತಿಯು ಮೆಟ್ಟುಗಳಿಗೆ ತೀರ ಸಮೀಪವಿದ್ದರೆ ತಾಗಿ ಕರಕರನೆ ಸದ್ದು ಮಾಡುತ್ತದೆ. ದೂರವಿದ್ದರೆ ಒತ್ತುವ ಬೆರಳು ನೋಯುತ್ತದೆ. ಆದುದರಿಂದ ಕುದುರೆ ಎತ್ತರವಾಗಿದ್ದಲ್ಲಿ ಕೊರಳನ್ನು ತುಸು ಹಿಂದಕ್ಕೆ ಓರೆಯಾಗಿಸಿ ಕೂಡಿಸಬೇಕಾಗುತ್ತದೆ. ಅಮೆರಿಕದ ಫೆಂಡರ್ ಟೆಲಿಕಾಸ್ಟರಿನಲ್ಲಿ ಕುದುರೆ ತಗ್ಗಾಗಿರುವುದರಿಂದ ಈ ಓರೆ ಬೇಕಿಲ್ಲ. ಗಿಬ್ಸನ್ ಲೆಸ್ ಪಾಲ್ ಗಿಟಾರಿಗೆ ಬೇಕು.

ಎಷ್ಟು ಓರೆ? ಕೊರಳಿನ ತುದಿಯಲ್ಲಿ ತಂತಿಯು ಮೆಟ್ಟುಗಳ ಮಟ್ಟದಲ್ಲಿಯೇ ಇದೆಯೆಂದು ಭಾವಿಸೋಣ. ಹನ್ನೆರಡನೆಯ ಮೆಟ್ಟು ತಂತಿಯ ಸರಿಮಧ್ಯದಲ್ಲಿರುತ್ತದೆ. ಅಲ್ಲಿ 2 ಮಿಲಿಮೀಟರ್ ಅಂತರ ಬೇಕಾದರೆ, ಸಮರೂಪ ತ್ರಿಭುಜಗಳ ನಿಯಮದಂತೆ ಕುದುರೆಯ ಬಳಿ ಅದರ ಇಮ್ಮಡಿ, ಅಂದರೆ 4 ಮಿ.ಮೀ. ಬೇಕು. ಕೊರಳು ಒಡಲನ್ನು ಸೇರುವಲ್ಲಿ ಹಲಗೆಯ ದಪ್ಪ 6, ಮೆಟ್ಟಿನ ಎತ್ತರ 1, ಒಟ್ಟು 7 ಮಿ.ಮೀ. ಇರಲಿ. ಕುದುರೆಯ ಎತ್ತರ 20 ಮಿ.ಮೀ. ಆದರೆ, 20ರಲ್ಲಿ 4 ಮತ್ತು 7ನ್ನು ಕಳೆದು 9 ಉಳಿಯಿತು. ಮೆಟ್ಟುಗಳ ರೇಖೆಯು ಸೇರುವೆಯಿಂದ ಕುದುರೆಯವರೆಗಿನ 250 ಮಿ.ಮೀ. ದೂರದಲ್ಲಿ ಏರಬೇಕಾದುದು ಇಷ್ಟು. 9ನ್ನು 250ರಿಂದ ಭಾಗಿಸಿದರೆ 0.036. ಟ್ಯಾನ್‌ಜೆಂಟ್ ಕೋಷ್ಟಕವು ಇದಕ್ಕೆ ಸುಮಾರು 2 ಡಿಗ್ರಿಯನ್ನು ತೋರಿಸುತ್ತದೆ.

ಇದರಲ್ಲಿ ಒಂದು ಡಿಗ್ರಿ ತಪ್ಪಿದರೂ ಕುದುರೆಯ ಬಳಿ 4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಹೆಸರಾಂತ ಕಾರ್ಖಾನೆಯೂ ಇದಕ್ಕೆ ಹೊರತಲ್ಲ. 1952ರಲ್ಲಿ ಹೊರಬಂದ ಮೊದಲ ಲೆಸ್ ಪಾಲ್ ಗಿಟಾರುಗಳಲ್ಲಿ ಈ ಕೋನ ಸಾಲದಾಯಿತು. ತಂತಿಗಳನ್ನು ಕುದುರೆಯ ಸಲಾಕೆಯ ಮೇಲಿನಿಂದ ಹಾಯಿಸಲಾಗದೆ ಅಡಿಯಿಂದ ಹಾಯಿಸಬೇಕಾಯಿತು. ಇದರಿಂದ ವಾದಕನಿಗೆ ಅಂಗೈಯನ್ನು ತಂತಿಗಳ ಮೇಲಿರಿಸಿ ನಾದವನ್ನು ತಗ್ಗಿಸುವುದು ಕಷ್ಟವಾಯಿತು. 1953ರಲ್ಲಿ ಕೋನವನ್ನು ಹೆಚ್ಚಿಸಿ, ಕುದುರೆಯನ್ನೂ ಬದಲಿಸಿದರು.

ಆದುದರಿಂದ ಗಿಟಾರು ಮಾಡಹೊರಟವರು ಮೊದಲು ಕೈಯಲ್ಲಿರುವ ಕುದುರೆಯನ್ನೇ ಅಳೆಯಬೇಕು. ಪಕ್ಕನೋಟವನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಬರೆದು ನೋಡಬೇಕು. ಬಳಿಕವೇ ಗರಗಸ ಹಿಡಿಯಬೇಕು. ಕಾಗದದ ಗೆರೆಯನ್ನು ಎಷ್ಟು ಬಾರಿಯಾದರೂ ಅಳಿಸಬಹುದು, ಕೊಯ್ದ ಮರವನ್ನು ಮರಳಿ ಬೆಳೆಸಲಾಗದು.

ಸಮರೂಪ ತ್ರಿಭುಜವನ್ನು ನಾನು ಕಲಿತುದೂ ಕಲಿಸಿದುದೂ ಕನ್ನಡದಲ್ಲಿಯೇ. ಕನ್ನಡದಲ್ಲಿ ಓದಿದರೆ ಹೊರಗಿನ ವಿದ್ಯೆಗಳು ದಕ್ಕಲಾರವೆಂದು ಅಂಜುವ ತಂದೆತಾಯಿಗಳು ಗಡಿನಾಡಿನಲ್ಲಿ ಇಂದಿಗೂ ಇದ್ದಾರೆ. ಮೇಲಿನ ಲೆಕ್ಕವನ್ನು ಅವರು ತಮ್ಮ ಮಕ್ಕಳೊಡನೆ ಕುಳಿತು ಒಮ್ಮೆ ಮಾಡಿನೋಡಲಿ ಎಂಬುದು ನನ್ನ ವಿನಂತಿ.